ಅಲ್ಲಿ ಪ್ರೈಮರಿ, ಇಲ್ಲಿ ಬಿ ಫಾರಂ: ನಮ್ಮ ಅಭ್ಯರ್ಥಿಯನ್ನು ಆರಿಸುವುದು ಯಾರು?

ಮತ್ರಾ: ಶುಕ್ರವಾರ ಸಂಜೆ ಮತ್ರಾ ಕಾರ್ನಿಶ್‌ನಲ್ಲಿ ನಾಲ್ಕು ಜನ ಊರಿನವರು ಸೇರಿದರೆ, ಮಾತು ಎಲ್ಲಿಂದ ಶುರುವಾದರೂ ಕೊನೆಗೆ ರಾಜಕೀಯಕ್ಕೇ ಬಂದು ನಿಲ್ಲುತ್ತದೆ. ಮೊನ್ನೆಯೂ ಹಾಗೇ ಆಯಿತು. ಚಾಯದ ಲೋಟ ಕೈಯಲ್ಲಿ ಹಿಡಿದುಕೊಂಡು ಒಬ್ಬರು ಅಮೆರಿಕದ ಸುದ್ದಿ ತೆಗೆದರು. "ಅಲ್ಲಿ ಟಿಕೆಟ್ ಯಾರಿಗೆ ಅಂತ ಜನರೇ ವೋಟು ಹಾಕಿ ತೀರ್ಮಾನ ಮಾಡ್ತಾರಂತೆ ಮಾರಾಯ್ರೆ. ನಮಗೆ ಟಿವಿ ನೋಡಿದ ಮೇಲೆಯೇ ಗೊತ್ತಾಗುವುದು" ಅಂದರು. ಪುತ್ತೂರು ಕಡೆಯ ಇನ್ನೊಬ್ಬರು ಬಿಡಲಿಲ್ಲ. "ಅಷ್ಟು ಒಳ್ಳೆಯ ವ್ಯವಸ್ಥೆ ಆಗಿದ್ರೆ ಅಲ್ಲಿನವರೇ ಯಾಕೆ ಅದನ್ನು ಬೈಯುವುದು?"

ಎರಡೂ ಮಾತಿನಲ್ಲಿ ಸತ್ಯ ಇದೆ. ಮತದಾನದ ದಿನ ನಾವು ಒತ್ತುವ ಬಟನ್ ಎರಡನೇ ಹಂತ. ಆ ಬಟನ್ ಪಕ್ಕದಲ್ಲಿ ಯಾರ ಹೆಸರು ಇರಬೇಕು ಅನ್ನುವುದು ಮೊದಲನೇ ಹಂತ. ಅದರಲ್ಲಿ ನಮಗೆ ಪಾಲು ಇದೆಯಾ ಅನ್ನುವುದೇ ಪ್ರಶ್ನೆ.

ಅಮೆರಿಕದಲ್ಲಿ ತಕರಾರು ಏನು?

ಅಮೆರಿಕದಲ್ಲಿ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಎಂಬ ಎರಡು ದೊಡ್ಡ ಪಕ್ಷಗಳು. ಅಭ್ಯರ್ಥಿ ಯಾರೆಂದು ಮೊದಲು ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ನಿರ್ಧಾರ ಆಗುತ್ತದೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಕಡೆ ಯಾರು ಬೇಕಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ಕೆಲವು ಕಡೆ ಆ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ. ತಾವು ಯಾವ ಪಕ್ಷಕ್ಕೂ ಸೇರಿದವರಲ್ಲ ಎನ್ನುವ ಅಮೆರಿಕನ್ನರು ಈಗ ನೂರಕ್ಕೆ 40ಕ್ಕೂ ಹೆಚ್ಚು ಎಂದು ಗ್ಯಾಲಪ್ ಸಮೀಕ್ಷೆ ಹೇಳುತ್ತದೆ. ಬಾಗಿಲು ಮುಚ್ಚಿದ ರಾಜ್ಯಗಳಲ್ಲಿ ಪಕ್ಷೇತರರಾಗಿ ನೋಂದಾಯಿಸಿಕೊಂಡವರು ಹೊರಗೆ ನಿಂತು ನೋಡಬೇಕು, ಅಷ್ಟೇ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಸಂಸತ್ತಿನ ಕೆಳಮನೆಯ 435 ಸ್ಥಾನಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಪಕ್ಷಕ್ಕೆ ಗಟ್ಟಿಯಾದ ಕ್ಷೇತ್ರಗಳು. ಅಲ್ಲಿ ಪ್ರೈಮರಿ ಗೆದ್ದರೆ ಮುಗಿಯಿತು, ನವೆಂಬರ್ ಚುನಾವಣೆ ಬರೀ ಶಾಸ್ತ್ರ. ಆದರೆ ಪ್ರೈಮರಿಗೆ ಬರುವವರು ಸ್ವಲ್ಪ ಜನ, ಅದರಲ್ಲೂ ಪಕ್ಷದ ಕಟ್ಟಾ ಅಭಿಮಾನಿಗಳೇ ಹೆಚ್ಚು. ಹಾಗಾಗಿ ಗೆದ್ದವರು ಆ ಸಣ್ಣ ಗುಂಪಿನ ಮುಖ ನೋಡಿ ಕೆಲಸ ಮಾಡುತ್ತಾರೆ. ಎದುರು ಪಕ್ಷದವರೊಡನೆ ಕೂತು ಮಾತಾಡಿದರೂ ಮುಂದಿನ ಪ್ರೈಮರಿಯಲ್ಲಿ ಪೆಟ್ಟು ಬೀಳುತ್ತದೆ ಎಂಬ ಭಯ.

ಪ್ರೈಮರಿ ನಡೆದರೂ ಕೊನೆಯ ಮಾತು ಜನರದ್ದೇ ಆಗಬೇಕೆಂದಿಲ್ಲ. 2024ರಲ್ಲಿ ಜೋ ಬೈಡನ್ ಪ್ರೈಮರಿಗಳನ್ನು ಗೆದ್ದ ಮೇಲೆ ಜುಲೈ 21ರಂದು ಕಣದಿಂದ ಹಿಂದೆ ಸರಿದರು. ಕಮಲಾ ಹ್ಯಾರಿಸ್ ಆ ವರ್ಷ ಒಂದೂ ಪ್ರೈಮರಿಗೆ ನಿಲ್ಲದೆ ಅಭ್ಯರ್ಥಿಯಾದರು.

ದಕ್ಷಿಣ ಕನ್ನಡದಲ್ಲೂ ಪ್ರೈಮರಿ ನಡೆದಿತ್ತು

ಇದು ಹಲವರಿಗೆ ಮರೆತೇಹೋಗಿದೆ. 2014ರ ಲೋಕಸಭಾ ಚುನಾವಣೆಗೆ ಮೊದಲು ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ ಪ್ರಯೋಗ ಮಾಡಿಸಿದರು. ಕರ್ನಾಟಕದಲ್ಲಿ ಆಯ್ಕೆಯಾದವು ಬೆಂಗಳೂರು ಉತ್ತರ ಮತ್ತು ನಮ್ಮ ದಕ್ಷಿಣ ಕನ್ನಡ. ಇಲ್ಲಿ ಬಿ. ಜನಾರ್ದನ ಪೂಜಾರಿಯವರು ವೀರಪ್ಪ ಮೊಯ್ಲಿಯವರ ಮಗ ಹರ್ಷ ಮೊಯ್ಲಿಯವರನ್ನು ಸೋಲಿಸಿ ಟಿಕೆಟ್ ಪಡೆದರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು.

ಮುಂದೇನಾಯಿತು? ಇಬ್ಬರೂ ಸೋತರು. ಪೂಜಾರಿಯವರು ನಳಿನ್ ಕುಮಾರ್ ಕಟೀಲ್ ಎದುರು 1.43 ಲಕ್ಷ ಮತಗಳಿಂದ, ನಾರಾಯಣಸ್ವಾಮಿ ಡಿ.ವಿ. ಸದಾನಂದ ಗೌಡರ ಎದುರು 2.29 ಲಕ್ಷ ಮತಗಳಿಂದ. ಆ ವರ್ಷ ಮೋದಿ ಅಲೆ ಇತ್ತು, ಪ್ರೈಮರಿಯನ್ನೇ ದೂರುವುದು ನ್ಯಾಯವಲ್ಲ. ಆದರೆ ಆ ಪ್ರೈಮರಿಯಲ್ಲಿ ಮತ ಹಾಕಿದವರು ಸಾಮಾನ್ಯ ಮತದಾರರಲ್ಲ, ಪಕ್ಷದ ಪದಾಧಿಕಾರಿಗಳು ಮತ್ತು ಜನಪ್ರತಿನಿಧಿಗಳು. ಹೊಸ ಮುಖ ಬೇಕಾ, 2009ರಲ್ಲಿ ಅದೇ ನಳಿನ್ ಎದುರು ಸೋತವರೇ ಸಾಕಾ ಎಂದು ಊರಿನ ಜನರನ್ನು ಯಾರೂ ಕೇಳಲಿಲ್ಲ. ಆಮೇಲೆ ಆ ಪ್ರಯೋಗವನ್ನು ಪಕ್ಷ ಮುಂದುವರಿಸಲೇ ಇಲ್ಲ.

ಬಿ ಫಾರಂ ಕೊಡುವ ಕೈ

ನಮ್ಮ ಕಾನೂನಿನಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ಅಂದರೆ ಬಿ ಫಾರಂ ಹಿಡಿದು ಬಂದವರು. ಆ ಹೆಸರನ್ನು ಪಕ್ಷ ಹೇಗೆ ಆರಿಸಬೇಕು ಎಂಬ ಬಗ್ಗೆ ಕಾನೂನು ಮಾತಾಡುವುದಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಕಾಂಗ್ರೆಸ್ ಆಕಾಂಕ್ಷಿಗಳಿಂದ ಅರ್ಜಿ ಕರೆದು, ಸಾಮಾನ್ಯ ವರ್ಗದವರಿಂದ 2 ಲಕ್ಷ ರೂಪಾಯಿ ತೆಗೆದುಕೊಂಡಿತು. ಬಿಜೆಪಿ ಮಾರ್ಚ್ ಕೊನೆಗೆ ಜಿಲ್ಲೆಗಳಲ್ಲಿ ಪದಾಧಿಕಾರಿಗಳಿಂದ ಮತದಾನದ ರೀತಿಯಲ್ಲೇ ಅಭಿಪ್ರಾಯ ಪಡೆಯಿತು. ಆದರೆ ಎರಡೂ ಪಕ್ಷಗಳ ಅಂತಿಮ ಪಟ್ಟಿ ಬಂದದ್ದು ದೆಹಲಿಯಿಂದ. ಉಡುಪಿಯಲ್ಲಿ ಮೂರು ಸಲ ಶಾಸಕರಾಗಿದ್ದ ರಘುಪತಿ ಭಟ್ಟರು ತಮಗೆ ಟಿಕೆಟ್ ಇಲ್ಲ ಎಂಬುದು ಟಿವಿಯಿಂದ ತಿಳಿಯಿತು ಎಂದು ಹೇಳಿ ಕಣ್ಣೀರು ಹಾಕಿದ್ದನ್ನು ನಾವೆಲ್ಲ ಮೊಬೈಲ್‌ನಲ್ಲಿ ನೋಡಿದ್ದೇವೆ.

ಪುತ್ತೂರಿನ ಕಥೆ ಇನ್ನೂ ಸ್ಪಷ್ಟ. ಬಿಜೆಪಿ ಹಾಲಿ ಶಾಸಕ ಸಂಜೀವ ಮಠಂದೂರರನ್ನು ಬಿಟ್ಟು ಆಶಾ ತಿಮ್ಮಪ್ಪ ಅವರಿಗೆ ಟಿಕೆಟ್ ಕೊಟ್ಟಿತು. ಟಿಕೆಟ್ ಬಯಸಿದ್ದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಸುಮಾರು 66 ಸಾವಿರ ಮತ ಪಡೆದು ಗೆದ್ದರು. ಪುತ್ತಿಲರಿಗೆ ಸುಮಾರು 62 ಸಾವಿರ, ಅಧಿಕೃತ ಅಭ್ಯರ್ಥಿಗೆ ಸುಮಾರು 37 ಸಾವಿರ. ಪಕ್ಷದ ಒಳಗೆ ಮೊದಲೇ ತೀರಬೇಕಿದ್ದ ಜಗಳ ಮತಪೆಟ್ಟಿಗೆಗೆ ಬಂದು ಬಿತ್ತು. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಪುತ್ತಿಲರು ಮತ್ತೆ ಬಿಜೆಪಿಯಲ್ಲಿದ್ದರು.

ಇಂಥ ಜಗಳಕ್ಕೆ ಅಮೆರಿಕದ ಅಲಾಸ್ಕಾ ರಾಜ್ಯ ಒಂದು ದಾರಿ ಹುಡುಕಿದೆ. ಅಲ್ಲಿ 2022ರಿಂದ ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಮೊದಲ ನಾಲ್ವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಆಮೇಲೆ ಮತದಾರ 1, 2, 3 ಎಂದು ಕ್ರಮ ಹಾಕುತ್ತಾನೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ, ಕೊನೆಯಲ್ಲಿರುವವರನ್ನು ತೆಗೆದು ಅವರ ಮತವನ್ನು ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಪುತ್ತೂರಿನಲ್ಲಿ ಈ ಪದ್ಧತಿ ಇದ್ದಿದ್ದರೆ ಆ 37 ಸಾವಿರ ಮತದಾರರ ಎರಡನೇ ಆಯ್ಕೆ ಯಾರು ಎಂದು ಲೆಕ್ಕಕ್ಕೆ ಬರುತ್ತಿತ್ತು. ಹಾಗಂತ ಅಲ್ಲಿನವರೆಲ್ಲ ಇದನ್ನು ಒಪ್ಪಿದ್ದಾರೆ ಅಂತ ಅಲ್ಲ. 2024ರಲ್ಲಿ ಇದನ್ನು ರದ್ದು ಮಾಡುವ ಪ್ರಸ್ತಾವ ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಬಿದ್ದುಹೋಯಿತು. ಅದೇ ವರ್ಷ ಕೊಲರಾಡೊ, ಐಡಾಹೊ, ನೆವಾಡಾ ರಾಜ್ಯಗಳ ಮತದಾರರು ಇಂಥ ಬದಲಾವಣೆ ಬೇಡ ಎಂದರು.

ಯಾರ ಭಯ?

1991ರಿಂದ ಮಂಗಳೂರಿನ ಲೋಕಸಭಾ ಸ್ಥಾನ ಬಿಜೆಪಿಯ ಕೈ ಬಿಟ್ಟಿಲ್ಲ. ಅದಕ್ಕೆ ಮೊದಲು ಕಾಂಗ್ರೆಸ್ಸಿನ ಪೂಜಾರಿಯವರು ನಾಲ್ಕು ಸಲ ಸತತವಾಗಿ ಗೆದ್ದಿದ್ದರು. ಇಂಥ ಗಟ್ಟಿ ಕ್ಷೇತ್ರದಲ್ಲಿ ನಿಜವಾದ ಆಯ್ಕೆ ಟಿಕೆಟ್ ಹಂಚುವಾಗಲೇ ಆಗಿಹೋಗುತ್ತದೆ. 2024ರಲ್ಲಿ ನಳಿನ್ ಅವರನ್ನು ಬಿಟ್ಟು ಕ್ಯಾಪ್ಟನ್ ಬ್ರಿಜೇಶ್ ಚೌಟರಿಗೆ ಟಿಕೆಟ್ ಕೊಟ್ಟಾಗ ನಮ್ಮ ಮುಂದಿನ ಸಂಸದರು ಯಾರೆಂದು ಹೆಚ್ಚುಕಡಿಮೆ ತೀರ್ಮಾನ ಆಗಿತ್ತು. ಅಮೆರಿಕದಲ್ಲಿ ಆ ಕೆಲಸ ಪ್ರೈಮರಿಗೆ ಬಂದ ಸ್ವಲ್ಪ ಜನರದ್ದು, ನಮ್ಮಲ್ಲಿ ಒಂದು ಕೋಣೆಯಲ್ಲಿ ಕೂತ ಕೆಲವರದ್ದು. ಅಲ್ಲಿನ ಸಂಸದನಿಗೆ ಪ್ರೈಮರಿಯ ಭಯ, ಇಲ್ಲಿನವರಿಗೆ ಹೈಕಮಾಂಡಿನ ಭಯ. ಟಿಕೆಟ್ ಕೊಟ್ಟವರ ಮಾತು ಮೊದಲು, ಓಟು ಕೊಟ್ಟವರ ಮಾತು ಆಮೇಲೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿ ಮತ ಹಾಕಿದರೆ ಸ್ಥಾನವೇ ಹೋಗಬಹುದು.

ಹಾಗಾದರೆ ಪ್ರೈಮರಿಯೇ ಮದ್ದಾ? ಬರೀ ಪದಾಧಿಕಾರಿಗಳ ಪ್ರೈಮರಿ ಆದರೆ ಕೋಣೆ ಸ್ವಲ್ಪ ದೊಡ್ಡದಾಗುತ್ತದೆ, ಅಷ್ಟೇ. ಆದರೂ ಮತ ಎಣಿಸಿ ಲೆಕ್ಕ ಹೊರಗೆ ಹೇಳಿದರೆ, ಯಾಕೆ ಈ ಹೆಸರು ಎಂದು ಕೇಳಲು ಕಾರ್ಯಕರ್ತನಿಗೆ ಒಂದು ಆಧಾರವಾದರೂ ಸಿಗುತ್ತದೆ. ಈಗ ಅದೂ ಇಲ್ಲ.

ಗಲ್ಫ್‌ನಲ್ಲಿರುವ ನಮ್ಮ ಪಾಲು

ಮಸ್ಕತ್‌ನಲ್ಲಿರುವ ಅಮೆರಿಕನ್ ಪ್ರಜೆ ಇಲ್ಲಿಂದಲೇ ಮತಪತ್ರ ಕಳಿಸಬಹುದು. ಮತ್ರಾ ಸೂಕ್‌ನ ಒಮಾನಿ ವ್ಯಾಪಾರಿ 2023ರ ಅಕ್ಟೋಬರ್‌ನಲ್ಲಿ ಮಜ್ಲಿಸ್ ಅಲ್ ಶುರಾ ಚುನಾವಣೆಗೆ ಮೊಬೈಲ್ ಆ್ಯಪ್‌ನಲ್ಲೇ ಮತ ಹಾಕಿದ. ಇಲ್ಲಿ ಪಕ್ಷಗಳೇ ಇಲ್ಲ, ಅದು ಈ ನಾಡಿನ ಪದ್ಧತಿ. ನಾವು ಮಾತ್ರ ರಜೆ ಕೇಳಿ, ಟಿಕೆಟಿಗೆ ದುಡ್ಡು ಹಾಕಿ ಊರಿಗೇ ಹೋಗಬೇಕು. ಅನಿವಾಸಿಗಳಿಗೆ ಬದಲಿ ಮತದಾನ ಕೊಡುವ ಮಸೂದೆ 2018ರಲ್ಲಿ ಲೋಕಸಭೆ ದಾಟಿತ್ತು, 2019ರಲ್ಲಿ ಸದನ ವಿಸರ್ಜನೆಯಾಗಿ ಬಿದ್ದುಹೋಯಿತು. 2024ರಲ್ಲಿ ಪಟ್ಟಿಯಲ್ಲಿದ್ದ ಅನಿವಾಸಿ ಮತದಾರರು ಸುಮಾರು 1.19 ಲಕ್ಷ, ಬಂದು ಮತ ಹಾಕಿದವರು ಮೂರು ಸಾವಿರವೂ ಇಲ್ಲ. ನೋಂದಾಯಿಸಿದವರಲ್ಲಿ ಮುಕ್ಕಾಲು ಪಾಲು ಕೇರಳದವರು. ಆ ರಾಜ್ಯದಲ್ಲಿ 1996ರಿಂದಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಇದೆ. ಲೆಕ್ಕಕ್ಕೆ ಇರುವ ಜನರ ಮಾತನ್ನು ಸರ್ಕಾರ ಕೇಳುತ್ತದೆ.

ನಮ್ಮ ಕೈಯಲ್ಲಿ ಈಗಲೇ ಆಗುವ ಕೆಲಸ ಎರಡು. ಒಂದು, ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಫಾರಂ 6ಎ ತುಂಬಿ ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸಕ್ಕೆ ಹೆಸರು ಸೇರಿಸುವುದು. ಮತದಾನದ ದಿನ ಅಸಲಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಎರಡು, ಪ್ರಶ್ನೆಯನ್ನು ಬಿ ಫಾರಂ ಬರುವ ಮೊದಲೇ ಕೇಳುವುದು. ಪಕ್ಷದ ನಾಯಕರು ಗಲ್ಫ್‌ಗೆ ಬಂದಾಗ ಶಾಲು ಹಾಕಿ ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಆ ಹೊತ್ತಲ್ಲೇ ಕೇಳಬಹುದು: ನಮ್ಮ ಕ್ಷೇತ್ರಕ್ಕೆ ಹೆಸರು ಯಾರು ಆರಿಸುತ್ತಾರೆ? ಗಲ್ಫ್‌ನಿಂದ ಕೆಲಸ ಬಿಟ್ಟು ಬರುವವರಿಗೆ ಆ ವ್ಯಕ್ತಿ ಏನು ಮಾಡುತ್ತಾರೆ?

ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಟಿಕೆಟಿನ ಓಡಾಟ ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ನಮ್ಮ ಪ್ರಶ್ನೆಯೂ ಆಗಲೇ ಶುರುವಾಗಲಿ.