ನರಿಮೂಲೆಯ ಟೈಲರ್ ನಮಗೆ ಕೇಳುವ ಪ್ರಶ್ನೆ!

ಸ್ವಾಭಿಮಾನಿ ಕನ್ನಡಿಗರೇ,

‘ಮಿನ್ನಲ್ ಮುರಳಿ’ ನೋಡಿದ್ದೀರಾ? ನೋಡಿದ್ದರೆ ಯಾವ ಭಾಷೆಯಲ್ಲಿ ನೋಡಿದಿರಿ? ಎದೆ ಮುಟ್ಟಿಕೊಂಡು ಹೇಳಿ!

ನೋಡದವರಿಗಾಗಿ ಎರಡು ಮಾತು. ಬಾಸಿಲ್ ಜೋಸೆಫ್ ನಿರ್ದೇಶಿಸಿದ ಈ ಮಲಯಾಳಂ ಚಿತ್ರ ೨೦೨೧ರ ಡಿಸೆಂಬರ್ ೨೪ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕಥೆ ನಡೆಯುವ ಹಳ್ಳಿ ಕುರುಕ್ಕನ್‌ಮೂಲ. ನಮ್ಮ ಮಾತಿನಲ್ಲಿ ನರಿಮೂಲೆ ಎನ್ನಿ. ಅಲ್ಲಿನ ಟೈಲರ್ ಜೈಸನ್ (ಟೊವಿನೊ ಥಾಮಸ್) ಅಮೆರಿಕದ ಕನಸು ಕಾಣುವ ಶೋಕಿಲಾಲ. ಪ್ರೀತಿಸಿದ ಹುಡುಗಿಯೂ ಕೈತಪ್ಪಿದ್ದಾಳೆ. ಇಂಥವನಿಗೆ ಒಂದು ರಾತ್ರಿ ಸಿಡಿಲು ಬಡಿಯುತ್ತದೆ. ಸಾಯಬೇಕಾದವನಿಗೆ ಶಕ್ತಿ ಬರುತ್ತದೆ! ಅದೇ ರಾತ್ರಿ ಚಹಾದಂಗಡಿಯಲ್ಲಿ ದುಡಿಯುವ ಶಿಬುವಿಗೂ (ಗುರು ಸೋಮಸುಂದರಂ) ಸಿಡಿಲು ಬಡಿಯುತ್ತದೆ. ಊರವರು ಹುಚ್ಚನೆಂದು ದೂರ ತಳ್ಳಿದ ಬಡಪಾಯಿ ಅವನು. ಒಬ್ಬ ಊರು ಕಾಯಲು ನಿಲ್ಲುತ್ತಾನೆ, ಇನ್ನೊಬ್ಬ ಊರಿಗೇ ಕಂಟಕನಾಗುತ್ತಾನೆ.

ನಗುನಗುತ್ತಲೇ ಎದೆ ಹಿಂಡುವ ಚಿತ್ರ. ಅಕ್ಕನ ಮಗ ಜೋಸ್‌ಮೋನ್ ಅಮೆರಿಕದ ಸೂಪರ್‌ಹೀರೋಗಳ ಕಥೆ ಹೇಳಿ ಮಾವನ ಶಕ್ತಿ ಪರೀಕ್ಷಿಸುವುದನ್ನು ನೋಡಿಯೇ ನಗಬೇಕು. ಆದರೆ ಒಂದು ಮಾತು ಗಮನಿಸಿ. ‘ಮಿನ್ನಲ್ ಮುರಳಿ’ ಎಂಬ ಹೆಸರು ಅಮೆರಿಕದಿಂದ ಬಂದದ್ದಲ್ಲ. ಅವನ ಹೆತ್ತ ತಂದೆಯ ನಾಟಕದ ಪಾತ್ರದ ಹೆಸರು ಅದು! ಮಲಯಾಳಿಗಳು ತಮ್ಮ ಹೀರೋನನ್ನು ತಮ್ಮ ಹಳ್ಳಿಯಲ್ಲೇ, ತಮ್ಮ ಮಾತಿನಲ್ಲೇ ನಿಲ್ಲಿಸಿದರು. ಜಗತ್ತು ಅಲ್ಲಿಗೇ ಬಂದು ನೋಡಿತು.

ಈ ಚಿತ್ರ ಕನ್ನಡದಲ್ಲೂ ಬಂತು. ಹೌದು, ಡಬ್ ಆಗಿ! ‘ಡಬ್ಬಿಂಗ್ ಕನ್ನಡಕ್ಕೆ ವಿಷ’ ಎನ್ನುವ ಮಿತ್ರರು ಈಗಲೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ೧೯೬೦ರ ದಶಕದಲ್ಲಿ ಅ.ನ.ಕೃ. ಅವರಂಥ ಹಿರಿಯರು ಡಬ್ಬಿಂಗ್ ವಿರೋಧಿಸಿದಾಗ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳ ಮನೆಬಾಗಿಲಲ್ಲಿ ನಿಂತಿತ್ತು. ನಮ್ಮ ಕಲಾವಿದರ ಅನ್ನ ಉಳಿಯಬೇಕಿತ್ತು. ಅಂದು ಆ ಬೇಲಿ ಬೇಕಿತ್ತು.

ಆದರೆ ಆಮೇಲೆ ಆದದ್ದೇನು? ಪರಭಾಷಾ ಚಿತ್ರಗಳು ನಿಂತವೇ? ಇಲ್ಲ! ತಮಿಳು ತಮಿಳಿನಲ್ಲೇ, ತೆಲುಗು ತೆಲುಗಿನಲ್ಲೇ, ಹಿಂದಿ ಹಿಂದಿಯಲ್ಲೇ ನಮ್ಮ ಚಿತ್ರಮಂದಿರಗಳಿಗೆ ಬಂದವು. ಬೇಲಿಯ ಹೊರಗೆ ಉಳಿದದ್ದು ಕನ್ನಡ ಮಾತ್ರ! ನಮ್ಮ ಮಕ್ಕಳು ಚಿತ್ರಗಳ ಮೂಲಕ ಪರಭಾಷೆ ಕಲಿತರು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪು ಕೊಟ್ಟು ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ನಾವೇ ಮೊದಲು ತೆರೆಯಬೇಕಿದ್ದ ಬಾಗಿಲನ್ನು ದೆಹಲಿಯವರು ತೆರೆಸಬೇಕಾಯಿತು. ನಾಚಿಕೆಯಾಗಬೇಡವೇ?

ಇನ್ನು ಕೆಲವರು, ‘ಕೇರಳದವರ ಚಿತ್ರಕ್ಕೆ ಏಕೆ ಹೊಗಳಿಕೆ? ಕಾಸರಗೋಡು ಮರೆತಿರಾ?’ ಎಂದು ಕೇಳುತ್ತಾರೆ. ಮರೆತಿಲ್ಲ. ೧೯೫೬ರಲ್ಲಿ ಕೇರಳಕ್ಕೆ ಹೋದ ಆ ಮಣ್ಣಿನ ಕನ್ನಡ ಶಾಲೆಗಳ ಜಗಳ ಸರ್ಕಾರದೊಂದಿಗೆ. ಟೈಲರ್ ಜೈಸನ್ ಏನು ಮಾಡಿದ?

ಹಾಗಾದರೆ ನಮ್ಮ ಜೈಸನ್ ಎಲ್ಲಿ? ೨೦೧೬ರಲ್ಲಿ ತೆರೆಗೆ ಬಂದ ‘ತಿಥಿ’ ನೆನಪಿಸಿಕೊಳ್ಳಿ. ಮಂಡ್ಯದ ಹಳ್ಳಿಗರೇ ತಮ್ಮ ಮಾತಿನಲ್ಲೇ ನಟಿಸಿದರು; ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ೨೦೧೫ರಲ್ಲೇ ಅದಕ್ಕೆ ಪ್ರಶಸ್ತಿ ಸಿಕ್ಕಿತ್ತು. ನಮ್ಮ ಹಳ್ಳಿಗಳಲ್ಲಿ ಹೀರೋಗಳಿಗೆ ಬರವಿಲ್ಲ. ಕಣ್ಣಿಟ್ಟು ನೋಡುವ ನಿರ್ಮಾಪಕರಿಗೆ ಬರ! ನಿರ್ಮಾಪಕರೇ, ಮಚ್ಚು ಲಾಂಗು ಕೆಳಗಿಡಿ. ಹೊಲಿಗೆ ಯಂತ್ರ ತುಳಿಯುವವನ ಕಡೆ ಒಮ್ಮೆ ನೋಡಿ!

ಕನ್ನಡಿಗರೇ, ಈ ವಾರವೇ ಒಂದು ಕೆಲಸ ಮಾಡಿ. ರಿಮೋಟು ಕೈಗೆತ್ತಿಕೊಳ್ಳಿ, ಭಾಷೆಯ ಪಟ್ಟಿಯಲ್ಲಿ ಕನ್ನಡ ಒತ್ತಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಡಬ್ಬಿಂಗ್ ಕನ್ನಡ ಸಪ್ಪೆಯಾಗಿದ್ದರೆ ಹಿಂದಿಗೆ ಹಾರಬೇಡಿ. ಒಳ್ಳೆಯ ಕನ್ನಡ ಕೊಡಿ ಎಂದು ಕಂಪನಿಗೆ ಬರೆಯಿರಿ, ಮತ್ತೆ ಮತ್ತೆ ಬರೆಯಿರಿ. ಕನ್ನಡ ಒತ್ತುವವರೇ ಇಲ್ಲದಿದ್ದರೆ ನಾಳೆ ಆ ಪಟ್ಟಿಯಲ್ಲಿ ಕನ್ನಡವೇ ಇರುವುದಿಲ್ಲ. ಆಗ ಬೀದಿಗಿಳಿದು ಕೂಗಿ ಫಲವೇನು?

ಸಿರಿಗನ್ನಡಂ ಗೆಲ್ಗೆ!