ಪ್ರದೇಶಾಧ್ಯಯನಕ್ಕೆ ಭಾಷೆಯೇ ಬುನಾದಿ

ಜಗತ್ತಿನ ಒಂದು ಭೂಭಾಗದ ಭಾಷೆ, ಇತಿಹಾಸ, ರಾಜಕಾರಣಗಳನ್ನು ಒಟ್ಟಾಗಿ ಅಭ್ಯಸಿಸುವ ಪ್ರದೇಶಾಧ್ಯಯನವು ಕೇವಲ ಜ್ಞಾನಾಸಕ್ತಿಯಿಂದ ಬೆಳೆದುದಲ್ಲ. 1916ರಲ್ಲಿ ಲಂಡನ್ನಿನಲ್ಲಿ ಪೌರಸ್ತ್ಯ ಅಧ್ಯಯನ ಸಂಸ್ಥೆ ಸ್ಥಾಪನೆಯಾದಾಗ ಅದರ ಹಿಂದೆ ಸಾಮ್ರಾಜ್ಯದ ಆಡಳಿತದ ಅಗತ್ಯವಿತ್ತು. ಅಮೆರಿಕೆಯಲ್ಲಿ ಸಂಸ್ಕೃತ ವಿದ್ವಾಂಸ ಡಬ್ಲ್ಯೂ. ನಾರ್ಮನ್ ಬ್ರೌನ್ 1948ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ವಿಭಾಗವನ್ನು ಕಟ್ಟಿದರು. ಆದರೆ ಇಂತಹ ವಿಭಾಗಗಳಿಗೆ ಸರ್ಕಾರದ ಹಣ ಧಾರಾಳವಾಗಿ ಹರಿದುದು, ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮರುವರ್ಷ, 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯಿಂದ.

ಹುಟ್ಟಿನ ಈ ದೋಷವನ್ನೇ ಮುಂದಿಟ್ಟು ಆ ಶಾಖೆಯನ್ನು ತಳ್ಳಿಹಾಕುವುದು ಉಚಿತವಲ್ಲ. ಪಿ.ಎಲ್. 480 ಯೋಜನೆಯಡಿ ಭಾರತಕ್ಕೆ ಮಾರಿದ ಗೋಧಿಯಿಂದ ಬಂದ ರೂಪಾಯಿಗಳಲ್ಲಿ, 1962ರಿಂದ ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಹಂಚಿತು. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಅವರ ವಚನಾನುವಾದ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಯಿತು. ರಕ್ಷಣೆಯ ಲೆಕ್ಕದಲ್ಲಿ ಬಂದ ಹಣ ಬಸವಣ್ಣ, ಅಲ್ಲಮರನ್ನು ಉದ್ದೇಶಿಸಿರಲಿಲ್ಲ. ಆದರೂ ಅವರನ್ನು ಓದಬಲ್ಲ ವಾತಾವರಣವೊಂದು ಅದರಿಂದ ರೂಪುಗೊಂಡಿತು. ಕಾರಣ, ಆ ವಿಭಾಗಗಳಲ್ಲಿ ಭಾಷೆಗೆ ಮೊದಲ ಸ್ಥಾನವಿತ್ತು.

ಭಾರತದ ಕ್ರಮ ಭಿನ್ನವಾಯಿತು. 1955ರಲ್ಲಿ ದೆಹಲಿಯಲ್ಲಿ ಆರಂಭವಾದ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆ 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಅಲ್ಲಿ ಪಶ್ಚಿಮ ಏಷ್ಯಾ, ಪೂರ್ವ ಏಷ್ಯಾಗಳ ರಾಜಕಾರಣ ಒಂದು ನಿಕಾಯದ ವಿಷಯ. ಅರಬ್ಬೀ, ಪಾರಸಿ, ಚೀನೀ ಭಾಷೆಗಳು ಮತ್ತೊಂದರವು. ಎರಡರ ನಡುವೆ ಗಟ್ಟಿಯಾದ ಸೇತುವೆಯಿಲ್ಲದಿದ್ದರೆ ಚೀನಾವನ್ನು ಕುರಿತ ಪ್ರಬಂಧವೂ ಇಂಗ್ಲಿಷ್ ವರದಿಗಳ ಮರುಬರಹವಾಗುವ ಅಪಾಯವಿದೆ.

ಭಾಷೆಯೊಂದನ್ನು ಕಲಿಯಲು ವರ್ಷಗಳು ಬೇಕು, ಸಂಶೋಧನೆಯ ಅವಧಿ ಕಿರಿದು ಎಂಬ ಆಕ್ಷೇಪ ನಿಜವೇ. ಆದರೆ ಹಳಗನ್ನಡ ಶಾಸನಗಳನ್ನು ಓದಲಾಗದವರನ್ನು ರಾಷ್ಟ್ರಕೂಟರ ಇತಿಹಾಸಜ್ಞರೆಂದು ಕನ್ನಡ ವಿದ್ವತ್ತು ಒಪ್ಪಲಾರದು. ಹೊರನಾಡುಗಳ ಅಧ್ಯಯನಕ್ಕೆ ಮಾತ್ರ ಈ ಅಳತೆಗೋಲನ್ನು ಸಡಿಲಿಸುವುದು ನ್ಯಾಯವಲ್ಲ. ಭಾಷಾಶಿಕ್ಷಣವನ್ನು ಸ್ನಾತಕ ಹಂತದಲ್ಲೇ ಆರಂಭಿಸಿ, ರಾಜಕಾರಣದ ಓದಿನೊಡನೆ ಬೆಸೆಯುವುದೇ ಪರಿಹಾರ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಗುರುತಿಸಿದ್ದು ಅರಸನ ಹೆಸರಿನಿಂದಲ್ಲ, ಕನ್ನಡದ ಹೆಸರಿನಿಂದ. ನಾಡನ್ನು ನುಡಿಯ ಮೂಲಕ ಅರಿಯುವ ಆ ವಿವೇಕ ಇಂದಿನ ವಿಶ್ವವಿದ್ಯಾಲಯಗಳಿಗೂ ಮಾದರಿ.