ತಲೆಕೆಳಗಾಗೋ ಬಂದೂಕು ಮತ್ತು ಅದನ್ನ ಕೂಡಿಡೋರು

ಬಂದೂಕು ಸಂಗ್ರಹಿಸೋರು ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಮೂಗು ಮುರೀತಾರೆ. ನನಗೂ ಬಂದೂಕು ಹಿಡಿಯೋ ಆಸೆಯೇನಿಲ್ಲ. ಆದ್ರೆ ಅಮೆರಿಕದ 'ಸ್ಟೋನರ್ 63' ಕೂಡಿಡೋರ ಬಗ್ಗೆ ಓದ್ತಾ ಹೋದ ಹಾಗೆ, ಇದು ಬರೀ ದುಡ್ಡಿದ್ದೋರ ಶೋಕಿ ಅಲ್ಲ ಅನ್ನಿಸಿದೆ. ಜೊತೆಗೆ ಅವರ ಮೇಲೆ ನನ್ನದೊಂದು ತಕರಾರೂ ಇದೆ.

ಎಂ-16ರ ಮೂಲ ವಿನ್ಯಾಸ ಯೂಜೀನ್ ಸ್ಟೋನರ್‌ದು. ಅದೇ ಸ್ಟೋನರ್ 1960ರ ದಶಕದ ಶುರುವಿನಲ್ಲಿ ಕ್ಯಾಡಿಲಾಕ್ ಗೇಜ್ ಕಂಪನಿಯಲ್ಲಿ ಇದನ್ನ ಮಾಡಿದ್ದು. ಇರೋದು ಒಂದೇ ರಿಸೀವರ್, ಅಂದ್ರೆ ಬಂದೂಕಿನ ಮೈ. ಅದಕ್ಕೆ ಒಂದು ಥರದ ಭಾಗಗಳನ್ನ ಜೋಡಿಸಿದ್ರೆ ರೈಫಲ್. ಗಿಡ್ಡ ನಳಿಗೆ ಹಾಕಿದ್ರೆ ಕಾರ್ಬೈನ್. ಅದೇ ಮೈಯನ್ನ ತಲೆಕೆಳಗು ಮಾಡಿ ಬೇರೆ ಭಾಗ ಜೋಡಿಸಿದ್ರೆ ಮೆಷಿನ್ ಗನ್! ಗುಂಡು ಮೇಲಿನ ಮ್ಯಾಗಜೀನ್‌ನಿಂದ ಬರಬೇಕಾ, ಬೆಲ್ಟ್‌ನಿಂದ ಬರಬೇಕಾ, ಅದೂ ನಿಮ್ಮಿಷ್ಟ. ರೈಫಲ್ ಆದಾಗ ಬೋಲ್ಟ್ ಮುಚ್ಚಿಕೊಂಡಿದ್ದು ಹೊಡೆಯುತ್ತೆ. ಮೆಷಿನ್ ಗನ್ ಆದಾಗ, ಕಾದ ನಳಿಗೆಯಲ್ಲಿ ಗುಂಡು ತಾನಾಗೇ ಸಿಡಿಯಬಾರದಲ್ಲ, ಅದಕ್ಕೆ ಬೋಲ್ಟ್ ಹಿಂದೆ ನಿಂತು ಕಾಯುತ್ತೆ. ಒಂದೇ ಲೋಹದ ಡಬ್ಬಿಯಲ್ಲಿ ಇಷ್ಟನ್ನೂ ಕೂರಿಸಿದ ತಲೆಗೆ ಕೈ ಮುಗೀಬೇಕು. (ಕೊಲ್ಲೋಕೆ ಮಾಡಿದ ಯಂತ್ರ ಇದು, ವಿಯೆಟ್ನಾಂನಲ್ಲಿ ಆ ಕೆಲಸ ಮಾಡಿದೆ ಕೂಡ. ಅದನ್ನ ಪಕ್ಕಕ್ಕಿಟ್ಟು ಬರೀ ಇಂಜಿನಿಯರಿಂಗ್ ಅಂತ ಹೊಗಳಿದ್ರೆ ಸುಳ್ಳು ಹೇಳಿದ ಹಾಗೆ.)

ಗೆದ್ದಿತಾ ಅಂದ್ರೆ, ಇಲ್ಲ. 1967ರಲ್ಲಿ ಮರೀನ್‌ಗಳು ವಿಯೆಟ್ನಾಂನಲ್ಲಿ ಪರೀಕ್ಷೆ ಮಾಡಿ ಬಿಟ್ರು. ನೌಕಾಪಡೆಯ ಸೀಲ್‌ಗಳು ಮಾತ್ರ ಪ್ರೀತಿಯಿಂದ ಇಟ್ಟುಕೊಂಡ್ರು, ಅದೂ ಮುಖ್ಯವಾಗಿ ಬೆಲ್ಟ್ ಮೆಷಿನ್ ಗನ್ ರೂಪದಲ್ಲಿ. ಒಟ್ಟು ತಯಾರಾಗಿದ್ದು ಸುಮಾರು 4,000, ಅಷ್ಟೆ. ಕಾಡಲ್ಲಿ ನಡೆಯೋ ಸೈನಿಕ ಬೆನ್ನ ಮೇಲೆ ಇನ್ನೊಂದು ಬಂದೂಕಿನ ಬಿಡಿಭಾಗ ಹೊತ್ಕೊಂಡು ಹೋಗ್ತಾನಾ? ಮೆಷಿನ್ ಗನ್ ಆಗಿ ಕೈಗೆ ಬಂದದ್ದು ಮೆಷಿನ್ ಗನ್ ಆಗೇ ಉಳಿಯುತ್ತೆ. ನಮ್ಮ ಪ್ರಾಜೆಕ್ಟ್‌ಗಳಲ್ಲಿ 'ಮುಂದೆ ಬೇಕಾಗಬಹುದು' ಅಂತ ಪ್ಲಗಿನ್ ಆರ್ಕಿಟೆಕ್ಚರ್ ಕಟ್ಟಿ, ಕೊನೆವರೆಗೂ ಒಂದೇ ಪ್ಲಗಿನ್ ಓಡಿಸ್ತೀವಲ್ಲ, ಥೇಟ್ ಹಾಗೇ :-)

ಮಜಾ ಇರೋದು ಇಲ್ಲಿ. ಈ ಬಂದೂಕಿನ ಎಲ್ಲಾ ರೂಪಗಳೂ ಬೇಕು ಅನ್ನೋ ಗಿರಾಕಿ ಕೊನೆಗೂ ಸಿಕ್ಕಿದ್ದು ಸಂಗ್ರಹಕಾರರಲ್ಲಿ! ಅಮೆರಿಕದ ಕಾನೂನಿನ ಪ್ರಕಾರ ರಿಸೀವರ್ರೇ ಬಂದೂಕು, ನಳಿಗೆ, ಬೆಲ್ಟ್ ಟ್ರೇ ಎಲ್ಲ ಬರೀ ಬಿಡಿಭಾಗ. ಮೆಷಿನ್ ಗನ್‌ಗಳನ್ನ ಸರ್ಕಾರದಲ್ಲಿ ನೋಂದಾಯಿಸಬೇಕು ಅನ್ನೋದು 1934ರಿಂದ ಇದೆ. 1986ರ ಮೇ ತಿಂಗಳಲ್ಲಿ ಸಾಮಾನ್ಯ ಜನರಿಗೆ ಹೊಸ ನೋಂದಣಿಯೇ ನಿಂತುಹೋಯ್ತು. ಹಾಗಾಗಿ ಕೈ ಬದಲಾಯಿಸಬಹುದಾದ ಸ್ಟೋನರ್‌ಗಳ ಸಂಖ್ಯೆ ಇನ್ನು ಹೆಚ್ಚೋ ಮಾತೇ ಇಲ್ಲ, ಬೆಲೆ ಹತ್ತಾರು ಸಾವಿರ ಡಾಲರ್. ಒಬ್ಬ ರಿಸೀವರ್ ಕೊಂಡು, ಆಮೇಲೆ ವರ್ಷಗಟ್ಟಲೆ ಒಂದೊಂದೇ ಭಾಗ ಹುಡುಕ್ತಾನೆ. (ನಮ್ಮ ದೇಶದಲ್ಲಿ ಈ ಮಾತೇ ಬೇಡ. ಸ್ವಯಂಚಾಲಿತ ಬಂದೂಕು ನಿಷಿದ್ಧ, 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಇದ್ರೂ ಸಾಮಾನ್ಯರಿಗೆ ಎರಡೇ.)

ಈಗ ನನ್ನ ತಕರಾರು. ಪೂರ್ತಿ ಸೆಟ್ ಸಿಕ್ಕ ಮೇಲೆ ಎಷ್ಟೋ ಜನಕ್ಕೆ ಅದನ್ನ ಮುಟ್ಟೋಕೇ ಭಯ, ಸವೆದ್ರೆ ಬೆಲೆ ಬೀಳುತ್ತೆ. ಹಳೇ ಕತ್ತಿಯನ್ನ ಗೋಡೆಗೆ ತಗುಲಿಸಿದ್ರೂ ಅದು ಕತ್ತೀನೇ. ಆದ್ರೆ ಬಿಚ್ಚಿ ಜೋಡಿಸದೇ ಇಟ್ಟ ಸ್ಟೋನರ್‌ನಲ್ಲಿ ಅದರ ವಿಶೇಷವೇ ಕಾಣಲ್ಲ, ಕಂಪೈಲ್ ಮಾಡದ ಕೋಡ್ ಇದ್ದ ಹಾಗೆ. ಗುಂಡು ಹಾರಿಸಿ ಅಂತಿಲ್ಲ ನಾನು. ಬಿಚ್ಚಿ, ಅಳತೆ ತಗೊಂಡು, ರೂಪ ಬದಲಾಗೋದನ್ನ ವಿಡಿಯೋ ಮಾಡಿ ನಾಲ್ಕು ಜನಕ್ಕೆ ತೋರಿಸಲಿ. ಎಡದಿಂದ ಬೆಲ್ಟ್ ನುಂಗೋ ಮಾದರಿಯೂ ಇದೆ, ಬಲದಿಂದ ನುಂಗೋದೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋ ಭಾಗ್ಯ ಇರೋದೇ ಇಂಥ ಕೆಲವರಿಗೆ. ಸ್ಟೋನರ್ 1997ರಲ್ಲೇ ತೀರಿಕೊಂಡ, ಅವನನ್ನ ಕೇಳೋ ಹಾಗಿಲ್ಲ. ಸೋತ ಡಿಸೈನ್‌ಗೆ ಡಾಕ್ಯುಮೆಂಟೇಶನ್ ಬರೆಯೋ ಉಸಾಬರಿ ಯಾವ ಸೇನೆಗೂ ಬೇಡ. ಬೀರುವಿನ ಬೀಗದ ಕೈ ಇಟ್ಟುಕೊಂಡಿರೋರೇ ಬರೀಬೇಕು.